ತೆಳ್ಳಗಿನ ಗೋಂದು

ಹಂಚಿನ ಮೇಲಿನ ರೊಟ್ಟಿ ಒಂದು ಮಗ್ಗುಲಿಗೆ ಮಾತ್ರ ಉಬ್ಬುತ್ತಿತ್ತು, ಇನ್ನೊಂದು ಮಗ್ಗುಲು ಸುಮ್ಮನೆ ಬಿದ್ದಿತ್ತು, ಬೆಳಕಿಂಡಿಯ ಎಳೆಬಿಸಿಲು ನೇರ ಇಳಿದು ಆ ಉಬ್ಬಿನ ಮೇಲೆಯೇ ಕೂತಿತ್ತು, ಒಳಗ ಯಾರು ಉಸಿರಾಡತಾರ, ಅಂದುಕೊಂಡಳು ಶಂಕ್ರಮ್ಮ, ಅಂದುಕೊಂಡ ಕೂಡಲೇ ಮೋರೆ ಬಿಗಿಯಾಯಿತು, ಏಕೆಂದರೆ ಈ ಮಾತು ಅವಳದು, ಹೋದ ವರ್ಷ ಇದೇ ಒಲೆಯ ಮುಂದೆ ಹೊಳೆದದ್ದು, ಹಿಟ್ಟಿನ ಕೈ ಒರೆಸಿಕೊಂಡು ಅವಳೇ ವಹಿಯಲ್ಲಿ ಬರೆದದ್ದು, ಈಗ ಅದು ಹೈದರಾಬಾದಿನಲ್ಲಿ ಗಂಡನ ಬಾಯಲ್ಲಿದೆ, ದೊಡ್ಡ ದೊಡ್ಡ ಸಾಹೇಬರು ಕೇಳಿ ತಲೆದೂಗಿದರಂತೆ, ತೂಗಲಿ, ಎಷ್ಟು ದಿನ ತೂಗುತ್ತಾರೋ ತೂಗಲಿ — ಒದ್ದೆ ಬಟ್ಟೆಯಿಂದ ರೊಟ್ಟಿಯ ಮಲಗಿದ ಮಗ್ಗುಲನ್ನು ಒತ್ತಿದಳು, ಅದೂ ಎದ್ದಿತು — ಪರಾತದ ಆಚೆ ಸಣ್ಣವ್ವ ಕೂತಿದ್ದಾಳೆ, ಏಳು ವರ್ಷದ ಮಗಳು, ಅಜ್ಜಿಯ ಹೆಸರು, ಅಜ್ಜಿಯದೇ ಹಟ, ಒಣಹಿಟ್ಟಿನಲ್ಲಿ ಬೆರಳಿನಿಂದ ಹಂಚು ಎಂದು ಬರೆದು ಹಕಾರದ ಮುಂದಿನ ಸೊನ್ನೆಗೆ ಬರೆಯದೆ ಒಂದು ಜೋಳದ ಕಾಳನ್ನೇ ಇಟ್ಟಿದ್ದಾಳೆ, ಅವ್ವಾ ನೋಡ, ಸೊನ್ನಿ ತಿನ್ನಾಕ ಬರತೈತಿ, ಎಂದು ನಗುತ್ತಿದ್ದಾಳೆ, ಹಾಗೆ ನಗುವಾಗಲೇ ಗೋಡೆಯಾಚೆಯಿಂದ ಕಾಸೀಮಬೀಯ ದನಿ, ಏ ಶಂಕ್ರವ್ವ, ಹಂಚು ಕೆಳಗಿಳಿಸವಾ, ನಿಮ್ಮ ಮಾಸ್ತರು ಬಂದ್ರು, ಇದ್ದಲಿ ಮೋಟಾರಿನ್ಯಾಗ ಬಂದಾರ, ಮಾರಿ ನೋಡಿದ್ರ ಒಲ್ಯಾಗಿಂದ ಎದ್ದು ಬಂದಂಗ ಅದಾರ, ಸಂಗಾಟ ಕೆಂಪು ಟೋಪಿ ಸಾಬ್ರು ಒಬ್ರು ಅದಾರ, ಟೋಪಿ ಗೊಂಡೆ ನಮ್ಮನಿ ಹುಂಜದ ಜುಟ್ಟಿನಂಗ ಕುಣೀತೈತಿ. ನಾಳೆ ಅಂತ ಕಾಗದದಾಗ ಇತ್ತಲ್ಲ ಅಕ್ಕಾ. ಇತ್ತವಾ, ಓದಿದಾಕಿ ನಾನ ಅಲ್ಲೇನು, ಗಂಡ ಉರ್ದುನ್ಯಾಗ ಬರಿಯೂದು ನಿನಗ, ಓದಾಕಿ ನಾನು, ಅವ್ರು ನಿನ್ನ ಕ್ಷೇಮ ಕೇಳಿದಾಗೆಲ್ಲ ನಾಚಿಕಿ ನನಗ ಬರತೈತಿ. ಕಾಸೀಮಬೀ ನಕ್ಕಳು, ಶಂಕ್ರಮ್ಮ ನಗಲಿಲ್ಲ, ಕೈಬಳೆಗಳನ್ನು ಪರಾತದ ಅಂಚಿಗೆ ಎರಡು ಸಲ ತಾಗಿಸಿದಳು, ಟಣ್ ಟಣ್, ಸಣ್ಣವ್ವನ ನಗು ನಿಂತಿತು, ಅಂಗೈ ಹಿಟ್ಟಿನ ಮೇಲೆ ಹಾಯಿತು, ಹಂಚು ಅಳಿಸಿಹೋಯಿತು, ಕಾಳೊಂದು ಉಳಿಯಿತು, ಅದನ್ನವಳು ಬಾಯಿಗೆ ಹಾಕಿಕೊಂಡಳು.

ಒಂದು ದಿನ ಮೊದಲೇ ಬಂದುಬಿಟ್ಟರಲ್ಲ, ಒಂದು ದಿನ ಇದ್ದಿದ್ದರೆ ಏನು ಮಾಡುತ್ತಿದ್ದೆ, ಗೊತ್ತಿಲ್ಲ, ಒಂದೂವರೆ ವರ್ಷದಿಂದ ಗೊತ್ತಿಲ್ಲದೆಯೇ ಕಾದು ಕೂತದ್ದು, ಕಾಯುವುದರಲ್ಲಿ ಅವಳನ್ನು ಮೀರಿಸುವವರು ಇಲ್ಲ, ಬೇಳೆ ಬೇಯುವುದಕ್ಕೂ ಗಾಯ ಮಾಯುವುದಕ್ಕೂ ಅವಳು ಒಂದೇ ಮೋರೆಯಲ್ಲಿ ಕಾಯುತ್ತಾಳೆ — ಎಂ.ಎಡ್. ಅಂದ್ರ ಹುಡುಗಾಟಿಕಿ ಅಲ್ಲ, ಐದು ಶರತ್ತು ಅದಾವ, ಎಂದು ಕೊಟ್ರಬಸಪ್ಪ ಮಾಸ್ತರು ಮೂರು ವರ್ಷದ ಹಿಂದೆ ಇದೇ ಪಡಸಾಲೆಯಲ್ಲಿ ಬೆರಳು ಮಡಿಚಿದ್ದರು, ಬಿ.ಎಡ್. ಆಗಿರಬೇಕು, ಅದು ಆಗೇತಿ, ಎರಡು ವರ್ಷ ಸಾಲಿ ಕಲಿಸಿದ ಸನದು ಬೇಕು, ಅದೂ ಐತಿ, ಆಮ್ಯಾಲ ಹೈದರಾಬಾದಿನಾಗ ಇದ್ದು ಪಾಠ ಕೇಳಬೇಕು, ಮಖಾಲಾ ಬರೀಬೇಕು, ಮಖಾಲಾ ಅಂದ್ರ ಯಾರೂ ಮಾಡದ ಶೋಧ ಮಾಡಿ ಬರೆದ ದೊಡ್ಡ ಪುಸ್ತಕ, ಅದರ ಜೋಡಿ ಇದೆಲ್ಲಾ ನನ್ನ ಸ್ವಂತ ದುಡಿಮಿ ಅಂತ ಆಣಿ ಮಾಡಿ ಸಹಿ ಹಾಕಿದ ಹಲಫನಾಮಾ, ಕಡೀಕ ಪರೀಕ್ಷಕರು ಎದುರಿಗೆ ಕೂಡಿಸಿಕೊಂಡು ಕೇಳೂ ಬಾಯಿ ಪರೀಕ್ಷಿ. ಆಮ್ಯಾಲ ಏನ್ರಿ, ಎಂದು ಅವಳು ಕೇಳಿದ್ದಳು. ಆಮ್ಯಾಲ ನಾನು ಇನ್‌ಸ್ಪೆಕ್ಟರ್, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಕೂ ತಾಲೂಕಿನ ಸಾಲಿಗಳು ನಾ ಬಂದ್ರ ಎದ್ದು ನಿಂದ್ರಬೇಕು. ಅವಳೂ ಖುಷಿಪಟ್ಟಿದ್ದಳು, ಖರೇ ಹೇಳಬೇಕೆಂದರೆ ಅವರಿಗಿಂತ ಹೆಚ್ಚು, ಶೋಧ ಯಾವುದರದು ಎಂದು ಕೇಳಿ ಇನ್ನೂ ಖುಷಿಪಟ್ಟಳು — ಮಗುವಿಗೆ ಅಕ್ಷರದ ಹಸಿವು ತಾನಾಗಿಯೇ ಯಾವಾಗ ಹುಟ್ಟುತ್ತದೆ, ಏಳು ತುಂಬುವ ತನಕ ಸಣ್ಣವ್ವಗ ಯಾರೂ ಒಂದಕ್ಷರ ತೋರಿಸಬಾರದು, ಅವಳು ದಿನಾ ಕೇಳುವ ಪ್ರಶ್ನೆಗಳನ್ನು ಮಾತ್ರ ನೀನು ಬರೆದಿಡಬೇಕು, ಯಾವ ದಿನ ತಾನೇ ಬಂದು ಇದರಾಗ ಏನು ಬರೆದಾರ ಅಂತ ಕೇಳತಾಳೋ ಆ ದಿನ ನನ್ನ ಮಖಾಲಾ ಮುಗೀತು. ಆವತ್ತೇ ಮನೆಯೊಳಗಿನ ಅಕ್ಷರಗಳನ್ನೆಲ್ಲ ಹೊರಗೆ ಹಾಕಿದರು, ಕ್ಯಾಲೆಂಡರು ಕಿತ್ತರು, ಚಹದ ಡಬ್ಬಿಯ ಮೇಲಿನ ಬರಹವನ್ನು ಅವಳೇ ಬೂದಿ ಹಚ್ಚಿ ತಿಕ್ಕಿದಳು, ಸೋಪಿನ ಕಾಗದ ಅಂಗಡಿಯಲ್ಲೇ ಬಿಟ್ಟು ಬರುವುದಾಯಿತು, ಕಡೆಗೆ ಅವರು ಸ್ಟೂಲು ಹತ್ತಿ ದೇವರ ಪಟದ ಪಕ್ಕದ ಕಟ್ಟು ಇಳಿಸಿದರು, ಅವಳ ಮುಲ್ಕಿ ಪರೀಕ್ಷೆಯ ಸರ್ಟಿಫಿಕೇಟು, ನಿಜಾಮನ ಗಡಿಯಾಚೆ ಗಜೇಂದ್ರಗಡದಲ್ಲಿ ಏಳನೆಯ ಇಯತ್ತೆ ಪಾಸಾದದ್ದು, ಆ ಸಾಲಿಗೆ ಅವಳೇ ಮೊದಲಿನವಳು, ತೌರಿನಿಂದ ಮದುವೆಯ ಸೀರೆಗಿಂತ ಜೋಕೆಯಾಗಿ ತಂದದ್ದು, ಶೋಧಕ್ಕ ಬೇಕಲ್ಲ, ಟ್ರಂಕಿನ್ಯಾಗ ಇರ್ಲಿ, ಎಲ್ಲಿ ಹೊಕ್ಕೈತಿ ಅದು, ಎಂದರು, ಗೋಡೆಯ ಮೇಲೆ ಸುಣ್ಣ ಮಾಸದ ಚೌಕವೊಂದು ಉಳಿಯಿತು, ಈಗಲೂ ಇದೆ, ಒಲೆಯ ಮುಂದೆ ಕೂತರೆ ಬಾಗಿಲಿನಿಂದ ಕಾಣುತ್ತದೆ, ಹೊಗೆ ಅದನ್ನೂ ನಿಧಾನ ತಿನ್ನುತ್ತಿದೆ. ಆ ಮಳೆಗಾಲದಲ್ಲಿಯೇ ಪೇಟೆಯ ನಾಲ್ಕು ಮಂದಿ ಹಿರಿಯರು ಬಂದಿದ್ದರು, ಹೆಣ್ಣುಮಕ್ಕಳ ಸಾಲಿ ತೆರೀತೀವಿ ಮಾಸ್ತರ, ಕನ್ನಡ ಕಲಿಸೂ ಅಕ್ಕೋರು ಈ ಊರಾಗ ನಿಮ್ಮ ಮನಿಯವ್ರನ್ನ ಬಿಟ್ರ ಯಾರೂ ಇಲ್ಲ, ಅವಳು ಬಾಗಿಲ ಹಿಂದೆ ಉಸಿರು ಹಿಡಿದು ನಿಂತಿದ್ದಳು, ತಾಯಿ ಸಾಲಿ ಕಲಿಸಾಕ ಹೊಂಟ್ರ ಆಕಿ ಬೆನ್ನಿಗೆ ಅಕ್ಷರ ಮನಿಗೆ ಬರತಾವ, ನನ್ನ ಶೋಧ ಕೆಡತೈತಿ, ಬ್ಯಾಡ್ರಿ, ಎಂದರು ಇವರು, ನಾಲ್ಕು ತಿಂಗಳಿಗೆ ಸಾಲಿ ಮುಚ್ಚಿತು, ಅಲ್ಲೀಗ ಹತ್ತಿಯ ಅಂಡಿಗೆ ಇಡುತ್ತಾರೆ.

ಅದನ್ನೂ ಅವಳು ನುಂಗಿಕೊಂಡಿದ್ದಳು, ಶರತ್ತು ಶರತ್ತೇ ಎಂದು, ಬಾಗಿಲಲ್ಲಿ ಜೋಡು ಬಿಡುವ ಸದ್ದು, ಬರ್ರಿ ಸಾಬ್, ತಲಿ ಬಗ್ಗಿಸಿ ಬರ್ರಿ, ಬಾಗಲಾ ಸಣ್ಣದೈತಿ, ಗಂಡನ ದನಿಯಲ್ಲಿ ಬೆಲ್ಲದ ಪಾಕ, ಅವಳು ಸೆರಗು ತಲೆಗೆಳೆದುಕೊಂಡು ನೀರಿನ ತಂಬಿಗೆ ಹೊರಗಿಟ್ಟು ಬಂದಳು, ಕಂಕುಳಲ್ಲಿ ಅದೇ ಗಂಟು ಇಟ್ಟುಕೊಂಡು ಬಂದಿದ್ದಾರೆ, ಒಂಬತ್ತು ವಹಿಗಳ ಗಂಟು, ಅಂಚಿನಿಂದ ಇಣುಕುವ ಬಿಳೀ ಚೀಟಿ — ಮೂರು ವರ್ಷ, ದಿನಾ ಮಧ್ಯಾಹ್ನ, ಸಣ್ಣವ್ವ ಕಾಸೀಮಬೀಯ ಕೋಳಿಗಳ ಹಿಂದೆ ಓಡಲು ಹೋದಾಗ, ಪಾತ್ರೆ ತಿಕ್ಕಿದ ಕೈ ಆರುವ ಮುಂಚೆ ಕೂತು ಬರೆದದ್ದು, ಬಾವಿಗೆ ಬಾಯಾರಿಕಿ ಆಗೂದಿಲ್ಲೇನು, ಆಡು ನಿಂತಕೊಂಡ ಹುಟ್ಟತೈತಿ ನಾ ಯಾಕ ಮಲಗಿ ಹುಟ್ಟಿದೆ, ನಿನ್ನೆ ಅನ್ನೂದು ಎಲ್ಲಿಗೆ ಹೋಗತೈತಿ, ಅವೆಲ್ಲ ಮಗಳವು, ಖರೇ ಮಗಳವು, ಬರೆಯುವಾಗ ಅವಳ ಕಣ್ಣು ತುಂಬುತ್ತಿದ್ದವು, ಒಂದೊಂದು ವಹಿಯ ರಟ್ಟಿನ ಮೇಲೂ ಶಾಯಿಯಿಂದ ಗುಂಡಗೆ ಬರೆದಿದ್ದಳು, ಬರೆದಾಕೆ ಶಂಕ್ರಮ್ಮ. ಇವರಿಗೋ ಕನ್ನಡ ಮಾತು ಬರುತ್ತದೆ, ಓದು ಬಾರದು, ನಿಜಾಮನ ಸೀಮೆಯ ಸಾಲಿಯಲ್ಲಿ ಅ ಆ ಯಾರು ಕಲಿಸಿದರು, ಅಲಿಫ್ ಬೇ ಇಂದ ಶುರುವಾಗಿ ಇಂಗ್ಲಿಷಿಗೆ ಮುಗಿಯುತ್ತದೆ, ಹೆಂಡತಿಗೆ ಕಾಗದ ಬರೆದರೂ ಉರ್ದುವಿನಲ್ಲೇ, ತಾಯಿಮಾತಿನ ಮೇಲೆ ಮಖಾಲಾ ಬರೆಯುವ ಮನುಷ್ಯನಿಗೆ ತಾಯಿಮಾತು ಓದಲು ಬರುವುದಿಲ್ಲ, ಹಬ್ಬಕ್ಕೆ ಬಂದಾಗ ಅವಳು ಓದಿ ಹೇಳಬೇಕು, ಅವರು ಇಂಗ್ಲಿಷಿನಲ್ಲಿ ಬರೆದುಕೊಳ್ಳಬೇಕು, ನಿಧಾನ ಓದು, ಇನ್ನೊಮ್ಮೆ ಓದು, ಭಾಳ ಛಲೋ ಐತಿ ಇದು, ಅವಳಿಗೆ ಆ ಹೊತ್ತುಗಳು ಸಿಹಿಯಾಗಿದ್ದವು, ಗಂಡ ಅಷ್ಟು ಹೊತ್ತು ತನ್ನ ಮುಖ ನೋಡುತ್ತಾ ಕೂತದ್ದು ಮದುವೆಯಾದ ಮೇಲೆ ಅದೇ ಮೊದಲು. ಒಂದೂವರೆ ವರ್ಷದ ಹಿಂದೆ ದೀಪಾವಳಿಯ ಪಾಡ್ಯದ ಮರುದಿನ, ವಹಿಗಳನ್ನು ಕಾಲೇಜಿಗೆ ತೋರಿಸಬೇಕು, ಜಾಲಿ ಗೋಂದು ಇದ್ರ ಬಿಸಿನೀರಾಗ ಕರಗಿಸಿ ಕೊಡು, ಎಂದರು, ಅವಳೇ ಹಿತ್ತಲ ಜಾಲಿಯಿಂದ ಬಿಡಿಸಿದ ಗೋಂದು, ಅವಳೇ ಕುಟ್ಟಿ, ಅವಳೇ ಸೋಸಿ, ಜೇನಿನಷ್ಟು ಗಟ್ಟಿ ಕಾಸಿ, ಬಟ್ಟಲು ಸುಡತೈತಿ ಜ್ವಾಕಿ, ಎಂದು ಸೆರಗಿನಿಂದ ಹಿಡಿದು ಕೊಟ್ಟಿದ್ದಳು, ಪಡಸಾಲೆ ಸಾರಿಸಲು ಬಂದಾಗ ನೋಡುತ್ತಾಳೆ, ನಾಲ್ಕು ವಹಿ ಬಿಸಿಲಿಗೆ ಒಣಗುತ್ತಿವೆ, ನಾಲ್ಕರ ಮೇಲೂ ಬಿಳೀ ಚೀಟಿ, ಚೀಟಿಯ ಮೇಲೆ ಬಲದಿಂದ ಎಡಕ್ಕೆ ಹರಿಯುವ ಬರಹ, ಶಂಕ್ರಮ್ಮ ಎಲ್ಲೂ ಇಲ್ಲ. ಏನೋ ಕಾಲೇಜಿನ ನಂಬರು ಇರಬೇಕು ಅಂದುಕೊಂಡಳು, ಅಂದುಕೊಳ್ಳಲು ಎಷ್ಟು ಪ್ರಯತ್ನಪಟ್ಟಳು, ಕಡೆಗೆ ಒಂದು ವಹಿ ಸೆರಗಿನಲ್ಲಿ ಮುಚ್ಚಿಕೊಂಡು ಕಾಸೀಮಬೀಯ ಹತ್ತಿರ ಹೋದಳು, ಕಾಸೀಮಬೀ ಬೆರಳಿಟ್ಟು ಬಲದಿಂದ ತಡವರಿಸಿ ಓದಿದಳು, ಕೊಟ್ರಬಸಪ್ಪ, ಮಾಸ್ತರ್, ಕುಷ್ಟಗಿ, ಇದನ್ನ ಬರೆದವ್ರು ಅಂತ ಐತಿ ನೋಡವಾ, ಆಮೇಲೆ ಶಂಕ್ರಮ್ಮನ ಮುಖ ನೋಡಿ, ನನ್ನ ಓದು ಅಷ್ಟಕ್ಕಷ್ಟ, ತಪ್ಪಿದ್ದರೂ ತಪ್ಪಿರಬೇಕು, ಎಂದಳು. ತಪ್ಪಿರಲಿಲ್ಲ. ಗೋಂದು ಗಟ್ಟಿ ಇತ್ತು, ಉಗುರು ಹಾಕಿದರೂ ಮೂಲೆ ಏಳಲಿಲ್ಲ, ಗಟ್ಟಿ ಕಾಸಿದವಳು ತಾನೇ.

ಮರುದಿನ ಬೆಳಿಗ್ಗೆ ಗಂಡನನ್ನು ಕೊಪ್ಪಳದ ಮೋಟಾರಿಗೆ ಹತ್ತಿಸಿ ಬಂದು, ಒಲೆ ಹೊತ್ತಿಸಿ, ಪರಾತದಲ್ಲಿ ಹಿಟ್ಟು ಹರವಿ, ಐದೂವರೆ ವರ್ಷದ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಅವಳ ಬೆರಳು ಹಿಡಿದು ಅ ಬರೆಸಿದಳು, ಅಷ್ಟೇ, ಇದು ಏನವ್ವಾ, ಇದು ಅ, ಅವ್ವನ ಅ, ಅಪ್ಪನ ಅ ನೂ ಇದ ಏನು, ಹೌದು ಮಗಳ, ಅದಕ ಇದನ್ನ ಅಪ್ಪನ ಮುಂದ ಬರೀಬಾರದು. ದಿನಕ್ಕೊಂದು ಅಕ್ಷರ, ಕಲಿತಾದ ಮೇಲೆ ನೀರು ಹಾಕಿ ಕಲಸಿ ಅದನ್ನೇ ರೊಟ್ಟಿ ಬಡಿದು ಇಬ್ಬರೂ ತಿನ್ನುವುದು, ಸ್ಲೇಟಿಲ್ಲ, ಬಳಪವಿಲ್ಲ, ಗುರುತು ಸುಳಿವು ಇಲ್ಲ, ಅಂಗಡಿಯಲ್ಲಿ ಬಿಟ್ಟು ಬಂದ ಅಕ್ಷರಗಳೆಲ್ಲ ಹೊಟ್ಟೆಯ ದಾರಿಯಿಂದ ಮನೆಗೆ ಬಂದವು, ಸಣ್ಣವ್ವ ಒತ್ತಕ್ಷರಕ್ಕೆ ಬರುವಷ್ಟರಲ್ಲಿ ಒಂದು ಸುಗ್ಗಿ ಕಳೆಯಿತು, ಜ್ಞ ಬರೆದ ದಿನ ಎಣ್ಣೆಹೋಳಿಗೆ ಮಾಡಿದ್ದಳು. ಇನ್ನು ಅವಳು ಇದೇನು ಬರೆದಾರ ಎಂದು ಕೇಳುವ ಹಾಗೇ ಇಲ್ಲ, ಅವರ ಮಖಾಲಾ ಯಾವ ಪ್ರಶ್ನೆಗಾಗಿ ಬಾಯಿ ತೆರೆದು ಕೂತಿದೆಯೋ ಆ ಪ್ರಶ್ನೆಯನ್ನು ತಾಯಿ ಮಗಳು ದಿನಾ ಮುರಿದು ಶೇಂಗಾ ಹಿಂಡಿಯ ಜೋಡಿ ತಿಂದಿದ್ದಾರೆ. ವಹಿ ಬರೆಯುವುದನ್ನೂ ಅವಳು ಬಿಡಲಿಲ್ಲ, ಬಿಟ್ಟರೆ ಗೊತ್ತಾಗುತ್ತದೆ, ಆದರೆ ಮಗಳ ಮಾತು ಒಂದೂ ಕೊಡಲಿಲ್ಲ, ಮಗಳ ಮಾತು ಮಗಳದ್ದೇ ಇರಲಿ, ಬದಲಿಗೆ ತನ್ನವನ್ನು ಬರೆದಳು, ಮೂವತ್ತರ ಹೆಂಗಸಿನ ತಲೆಯಲ್ಲಿ ಒಲೆಯ ಮುಂದೆ ಏಳುವ ಮಾತು, ಉಬ್ಬಿದ ರೊಟ್ಟಿಯ ಒಳಗ ಯಾರು ಉಸಿರಾಡತಾರ, ನೆರಳಿಗೆ ಯಾಕ ಕಣ್ಣಿಲ್ಲ, ಬೀಗ ಹಾಕಿದ ಟ್ರಂಕಿನ್ಯಾಗಿನ ಕಾಗದಕ್ಕ ಕತ್ತಲಿ ಅಂದ್ರ ಅಂಜಿಕಿ ಬರತೈತೇನು, ಅದನ್ನವರು ಮೂರು ಸಲ ಓದಿಸಿದರು, ಹುಡುಗಿ ಚುರುಕದಾಳ, ಎಂದರು, ಯಾವ ಕಾಗದ ಎಂದು ಕೇಳಲಿಲ್ಲ. ಯುದ್ಧದ ಕಾಲ, ಪೇಟೆಯಲ್ಲಿ ಹೊಸ ವಹಿ ಸಿಗದು, ಇಲ್ಲದಿದ್ದರೆ ಅವರು ಎಲ್ಲವನ್ನೂ ಯಾರಿಂದಲಾದರೂ ನಕಲು ಮಾಡಿಸಿ ಇವನ್ನು ಒಲೆಗೆ ಹಾಕಿಸುತ್ತಿದ್ದರೋ ಏನೋ, ಹೊಸದಾಗಿ ಹೊಲಿದ ಪ್ರತಿ ವಹಿಯ ರಟ್ಟಿನ ಮೇಲೂ ಅವಳು ಮೊದಲು ತನ್ನ ಹೆಸರೇ ಬರೆದಳು, ಮೊದಲಿಗಿಂತ ದಪ್ಪ, ಅವರೂ ಪ್ರತಿ ಸಲ ಗೋಂದು ಕೇಳಿದರು, ಅವಳೂ ಕಾಸಿಕೊಟ್ಟಳು, ನೀರು ಹೆಚ್ಚು, ಗೋಂದು ಕಡಿಮೆ, ಪ್ರತಿ ಸಲ ಇನ್ನೊಂದು ಚಮಚೆ ನೀರು, ಒಂಬತ್ತನೆಯ ವಹಿಯ ಹೊತ್ತಿಗೆ ಅದು ಗೋಂದಲ್ಲ, ಗಂಜಿಯ ತಿಳಿ, ಬಿಸಿಲಿಗಿಟ್ಟ ಗಳಿಗೆಯಲ್ಲೇ ಚೀಟಿಯ ಒಂದು ಮೂಲೆ ಒಣಎಲೆಯಂತೆ ಸುರುಳಿ ಸುತ್ತಿ ಎದ್ದಿತು, ಅಡಿಯಲ್ಲಿ ನೀಲಿ ಶಾಯಿಯ ಶ ಒಂದರ ತಲೆಕಟ್ಟು, ಸಣ್ಣವ್ವ ನೋಡಿದಳು, ಬೆರಳು ಅಲ್ಲಿಗೆ ಹೋಯಿತು, ಅವ್ವಾ, ಇದರ ಕೆಳಗ, ಎಂದಳು, ಟಣ್ ಟಣ್, ಅವಳು ಬಳೆ ಬಡಿದಳು, ಈಗ ಬ್ಯಾಡ ಮಗಳ. ಎಷ್ಟು ಸಲ ಆಯಿತು ಅದು, ಮಜ್ಜಿಗೆ ಕಡೆಯುವಾಗ ಅವ್ವಾ ಆ ಚೀಟಿ, ತಲೆಗೆ ಎಣ್ಣೆ ಹಚ್ಚುವಾಗ ಅವ್ವಾ ಅಲ್ಲಿ ಒಂದು, ಪ್ರತಿ ಸಲ ಬಳೆ, ಪ್ರತಿ ಸಲ ಮಗಳ ಬಾಯಿ ಅರ್ಧಕ್ಕೆ ಮುಚ್ಚುವುದು, ಮುಚ್ಚುವಾಗ ಕೆಳತುಟಿ ಒಳಗೆ ಹೋಗುವುದು.

ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಜಿಲಾನಸಾಬರು ಕೂತಿದ್ದಾರೆ, ಕಾಲೇಜಿನ ಪರೀಕ್ಷಕರು, ಮಗಳನ್ನು ಕಣ್ಣಾರೆ ನೋಡಲು ಬಂದವರು, ಟೋಪಿ ತೆಗೆದು ಪಕ್ಕಕ್ಕಿಟ್ಟಿದ್ದಾರೆ, ಬೋಳುತಲೆ, ಮೆತ್ತನೆಯ ದನಿ, ತಂಗೀ, ತ್ರಾಸು ತಗೋಬ್ಯಾಡ್ರಿ, ಆ ರೊಟ್ಟಿ ವಾಸನಿ ನಮಗ ಸಾಕು, ನಾವೂ ಗಂಗಾವತಿಯವ್ರು, ಕನ್ನಡ ನಮ್ಮವ್ವನ ಬಾಯಿಂದ ಬಂದದ್ದು, ಆಡಾಕ ಬರತೈತಿ, ಓದಾಕ ಬರೂದಿಲ್ಲ, ಸಾಲ್ಯಾಗ ಉರ್ದು ಆತಲ್ಲ, ಕನ್ನಡದಾಗ ನಾವು ಅರ್ಧಾ ಮಂದಿ, ಎಂದು ನಕ್ಕರು, ಒಳ್ಳೆಯವರು, ಇವರು ಕೆಟ್ಟವರಿದ್ದಿದ್ದರೆ ಸುಲಭವಿತ್ತು ಅನ್ನಿಸಿತು ಅವಳಿಗೆ, ಅಡುಗೆಮನೆಯ ಹೊಸ್ತಿಲ ಬಳಿ ಪರಾತ ಎಳೆದುಕೊಂಡು ಕೂತು ಹಿಟ್ಟು ನಾದುತ್ತಿದ್ದಳು, ಅಲ್ಲಿಂದ ಎಲ್ಲ ಕಾಣುತ್ತದೆ, ಸಾಬರು, ಅವರ ಮುಂದೆ ಮೊಣಕಾಲು ಕೂಡಿಸಿ ಕೂತ ಸಣ್ಣವ್ವ, ಗಂಟು ಬಿಚ್ಚಿ ಒಂದರ ಮೇಲೊಂದು ಇಟ್ಟ ವಹಿಗಳು, ಮೇಲಿರುವುದು ಒಂಬತ್ತನೆಯದು, ಅದರ ಚೀಟಿಯ ಎದ್ದ ಮೂಲೆ, ಆ ಪಡಸಾಲೆಯಲ್ಲಿ ಇಬ್ಬರು ಗಂಡಸರು ಎಷ್ಟೊಂದು ಓದಿದವರು, ಆದರೆ ಆ ವಹಿ ಓದಬಲ್ಲವರು ಇಬ್ಬರೇ, ಒಬ್ಬಳ ಕೈ ಹಿಟ್ಟಿನಲ್ಲಿದೆ, ಇನ್ನೊಬ್ಬಳಿಗೆ ಮುಂದಿನ ಹಲ್ಲು ಬಿದ್ದಿದೆ. ಜಿಲಾನಸಾಬರು ಅಂಗಿಯ ಜೇಬಿನಿಂದ ಒಂದು ಕಾಗದ ತೆಗೆದರು, ಗಂಗಾವತಿಯ ಅಂಗಡಿಯದು, ದಪ್ಪ ಕನ್ನಡ ಅಕ್ಷರದ ಜಾಹೀರಾತು, ಇದರಾಗ ಏನು ಕಾಣತೈತಿ ಮಗಳ. ಸಣ್ಣವ್ವ ಕಾಗದ ನೋಡಿದಳು, ಅವಳ ತುಟಿ ಒಂದಿಷ್ಟು ಅಲುಗಿತು, ಶುದ್ಧ ಶೇಂಗಾ ಎಣ್ಣೆ ಎಂದು ಒಳಗೇ ಓದಿದ್ದು ಇಷ್ಟು ದೂರದಿಂದ ಶಂಕ್ರಮ್ಮನಿಗೆ ತಿಳಿಯಿತು, ಆಮೇಲೆ ಮಗಳು ಹೊಸ್ತಿಲ ಕಡೆ ಕಣ್ಣು ತಿರುಗಿಸಿ ಕಾದಳು, ತಾಯಿಯ ಕೈಗೆ ರೂಢಿಬಿದ್ದಿತ್ತು, ಬೇಕೋ ಬೇಡವೋ ಕೇಳಲಿಲ್ಲ, ಟಣ್ ಟಣ್ — ಇರುವಿ ಹೊಂಟಾವ್ರಿ, ಎಂದಳು ಸಣ್ಣವ್ವ, ಸಾಲಾಗಿ ಹೊಂಟಾವ, ಒಂದಕ್ಕ ಬಾಲ ಐತಿ. ಸಾಬರು ತೊಡೆ ತಟ್ಟಿ ನಕ್ಕರು, ಮಾಸ್ತರ ಮುಖ ಹಬ್ಬದ ಪಣತಿಯಾಯಿತು, ನೋಡಿದ್ರಲ್ಲ ಸಾಬ್, ಹಸೀ ಮಣ್ಣು, ಯಾರದೂ ಬೆರಳು ತಾಗಿಲ್ಲ. ಶಂಕ್ರಮ್ಮ ಹೊಸ್ತಿಲಿನಿಂದ ಮಗಳನ್ನೇ ನೋಡಿದಳು, ಎಷ್ಟು ನುಣ್ಣಗೆ ಹೇಳಿದಳು, ಬಾಲದ ಮಾತನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಅದನ್ನು ತಾನೇ ಸೇರಿಸಿದಳು, ಸುಳ್ಳು ನಿಜದಂತೆ ಕಾಣಲು ಒಂದು ಬಾಲ ಬೇಕೆಂದು ಏಳು ವರ್ಷದ ಕೂಸಿಗೆ ಗೊತ್ತಾಗಿಬಿಟ್ಟಿದೆ, ಅವರು ಮಗಳನ್ನು ಶೋಧ ಮಾಡಿಕೊಂಡರು, ನಾನೇನು ಮಾಡಿಕೊಂಡೆ, ಚೂರಿ ಮಾಡಿಕೊಂಡೆನೇನು, ದಿನಾ ಹಿಟ್ಟಿನಲ್ಲಿ ಮಸೆದದ್ದು ಅಕ್ಷರ ಒಂದೇ ಅಲ್ಲವೇನು — ಬೇಡ, ಆ ಕಡೆ ಹೋಗಬೇಡ ಮನಸೇ, ಹಿಟ್ಟು ನಾದು, ಹದ ಬರಲಿ.

ಆ ರೊಟ್ಟಿ ಮಾತು ನಮ್ಮ ಕಾಲೇಜಿನ್ಯಾಗ ಎಲ್ಲಾರ ಬಾಯಾಗ ಐತಿ ನೋಡ್ರಿ, ಒಳಗ ಯಾರು ಉಸಿರಾಡತಾರ, ನನಗ ನಮ್ಮವ್ವ ನೆನಪಾದ್ಲು ಅದನ್ನ ಇಂಗ್ಲಿಷಿನ್ಯಾಗ ಓದಿ, ಎನ್ನುತ್ತಿದ್ದಾರೆ ಜಿಲಾನಸಾಬರು, ಶಂಕ್ರಮ್ಮನ ಕೈ ನಿಂತಿತು, ಒಂದು ಗಳಿಗೆ, ಒಂದೇ ಗಳಿಗೆ ಅವಳಿಗೆ ಎದ್ದು ಹೋಗಿ ನಾನ್ರಿ, ನಾನು ಕೇಳಿದ್ದು ಅಂತ ಹೇಳಬೇಕೆನ್ನಿಸಿತು, ಸಿಟ್ಟಿನಿಂದಲ್ಲ, ಸುಮ್ಮನೆ, ಸಾಲಿಯಲ್ಲಿ ಕೈ ಎತ್ತಿದ ಹುಡುಗಿಯಂತೆ, ಅಷ್ಟರಲ್ಲಿ ಗಂಡನ ದನಿ, ನನ್ನ ತೊಡಿ ಮ್ಯಾಲ ಕುಂತು ಕೇಳಿದ್ಲು ಸಾಬ್, ಕೈ ತೊಳಕೊಳ್ಳದ ಎದ್ದು ಬರದಿಟ್ಟೆ. ತೊಡೆಯ ಮೇಲೆ, ಆವತ್ತು ಆ ತೊಡೆ ಹೈದರಾಬಾದಿನಲ್ಲಿತ್ತು. ಇನ್ನೊಂದ ಬಾಕಿ ಐತಿ ಮಾಸ್ತರ, ಎಂದು ಸಾಬರು ಒಂದು ಅಚ್ಚಿನ ಕಾಗದ ಬಿಡಿಸಿದರು, ಮಗೂಗ ಮನ್ಯಾಗ ಯಾರೂ ಕಲಿಸಿಲ್ಲ ಅನ್ನೂದಕ್ಕ ಹೆಂಗ ಸಾಕ್ಷಿ ಅಂತ ಅಲ್ಲಿ ಒಬ್ರು ಕೇಳ್ಯಾರ, ನೀವು ಮಖಾಲಾದಾಗ ಬರದೀರಿ, ತಾಯಿಗೆ ಓದು ಬರಹ ಬರೂದಿಲ್ಲ ಅಂತ, ಖರೇ ಅಲ್ಲ? ಖರೇ ಸಾಬ್, ನಮ್ಮಾಕಿ ಹೆಬ್ಬಟ್ಟಿನಾಕಿ. ಒಲೆಯಲ್ಲಿ ಕಟ್ಟಿಗೆ ಸಿಡಿಯಿತು, ಹಂಚಿನ ಮೇಲೆ ಮರೆತ ರೊಟ್ಟಿ ಕರಕಲಾಗುವ ವಾಸನೆ, ಅವಳು ಏಳಲಿಲ್ಲ. ಹಂಗಾರ ತಾಯೀದೊಂದು ಹೆಬ್ಬಟ್ಟು ಹಾಕಸ್ರಿ, ನನ್ನ ಮಗಳಿಗೆ ನಾನಾಗಲಿ ಯಾರಾಗಲಿ ಅಕ್ಷರ ಕಲಿಸಿಲ್ಲ ಅಂತ, ಅಷ್ಟಾದ್ರ ನಾಳೆ ನಾನೂ ಸಹಿ ಹಾಕತೀನಿ, ನಿಮ್ಮ ಬಾಯಿ ಪರೀಕ್ಷಿ ಇಲ್ಲೇ ಮುಗದಂಗ.

ಹೆಬ್ಬಟ್ಟಿನಾಕಿ, ಮುಲ್ಕಿ ಪರೀಕ್ಷೆಗೆ ರೋಣಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗಿದ್ದರು ಅಪ್ಪ, ದಾರಿಯುದ್ದ ಶಾಯಿ ದೌತಿ ಚೆಲ್ಲಬಾರದೆಂದು ತೊಡೆಯ ನಡುವೆ ಇಟ್ಟುಕೊಂಡು ಕೂತಿದ್ದಳು, ಆದರೂ ಸೀರೆಗೆ ಬಿದ್ದ ಕಲೆಯನ್ನು ಮಡಿಕೆಯಲ್ಲಿ ಕಾಪಾಡಿಕೊಂಡಿದ್ದಳು — ಮಾಸ್ತರು ಎದ್ದು ಬರುತ್ತಿದ್ದಾರೆ, ಕೈಯಲ್ಲಿ ಮಸಿಯ ಡಬ್ಬಿ, ಇನ್ನೊಂದು ಕೈಯಲ್ಲಿ ಕಾಗದ, ಎಷ್ಟು ಸಲೀಸಾಗಿ ಬರುತ್ತಿದ್ದಾರೆ, ಗೋಂದು ಕೇಳಲು ಬರುವ ಹಾಗೆ, ಹೊಸ್ತಿಲ ಬಳಿ ಬಗ್ಗಿ ದನಿ ತಗ್ಗಿಸಿ, ಸುಮ್ಮನ ಒತ್ತು, ಇದೊಂದು ಆದ್ರ ಮುಗೀತು, ನಾಕೂ ತಾಲೂಕು ನಮ್ಮವು, ಮುಂದ ನಿನಗೂ ಒಂದು ಸಾಲಿ ತಗದ ಕೊಡ್ತೀನಿ ಬೇಕಾದ್ರ. ನಾ ಹೆಬ್ಬಟ್ಟಿನಾಕೀನೇನ್ರಿ, ಎಂದಳು ಅವಳು ಅಷ್ಟೇ ಮೆಲ್ಲಗೆ. ಅವರ ಮುಖದಲ್ಲಿ ನಾಚಿಕೆ ಬರಬಹುದೆಂದು ನೋಡಿದಳು, ಮೂರು ವರ್ಷದ ಓದಿನ ಹೊತ್ತುಗಳಿಗಾಗಿ ಒಂದಿಷ್ಟು ನೋಡಿದಳು, ಅದಿಲ್ಲ, ಅವಸರ ಮಾತ್ರ ಇತ್ತು, ಕಾಗದದ ಮ್ಯಾಲ ಅಷ್ಟ, ಯಾರು ನೋಡತಾರ, ಹೂಂ, ಕೈ ತಾ. ಬಲಗೈ ಹಿಟ್ಟಿನೊಳಗೆ ಮಣಿಕಟ್ಟಿನ ತನಕ ಹುಗಿದಿದೆ, ಅದನ್ನು ಎತ್ತಬೇಕು, ಎತ್ತಿದರೆ ಬಳೆ ಪರಾತಕ್ಕೆ ತಾಗುತ್ತವೆ, ತಾಗಿಯೇ ತಾಗುತ್ತವೆ, ಹೆಬ್ಬೆಟ್ಟು ಕೊಟ್ಟರೂ ಅದೇ ಸದ್ದು, ಆ ಕೈಯಿಂದಲೇ ಲೇಖನಿ ಇಸಿದುಕೊಂಡು ಶಂಕ್ರಮ್ಮ ಎಂದು ಸಹಿ ಹಾಕಿದರೂ ಅದೇ ಸದ್ದು — ಗಂಡನ ಹೆಗಲಿನಾಚೆ ನೋಡಿದಳು, ಸಣ್ಣವ್ವ ವಹಿಗಳ ಹತ್ತಿರ ಸರಿದಿದ್ದಾಳೆ, ಮೇಲಿನ ವಹಿ ತೊಡೆಯ ಮೇಲಿದೆ, ಉಗುರು ಚೀಟಿಯ ಎದ್ದ ಮೂಲೆಯ ಅಡಿಗೆ ಹೋಗಿದೆ, ಮೆಲ್ಲಗೆ, ರೊಟ್ಟಿಯ ಅಂಚು ಬಿಡಿಸುವಂತೆ ಮೆಲ್ಲಗೆ, ತೆಳ್ಳಗಿನ ಗೋಂದು ಎಲ್ಲೂ ತಡೆಯಲಿಲ್ಲ, ಶ ಬಂತು, ಸೊನ್ನೆ ಬಂತು, ಕ ಕೆಳಗಿನ ಒತ್ತು ಬಂತು, ಜಿಲಾನಸಾಬರು ನಗುಮುಖದಿಂದ ಬಗ್ಗಿ ನೋಡುತ್ತಿದ್ದಾರೆ, ಮಗಳ ಬಾಯಿ ಅರ್ಧ ತೆರೆದಿದೆ, ತೆರೆದು ಹೊಸ್ತಿಲ ಕಡೆ ತಿರುಗಿದೆ, ಬಳೆಗಾಗಿ ಕಾಯುತ್ತಿದೆ. ಕೈ ತಾ ಅಂದೆ, ಎನ್ನುತ್ತಿದ್ದಾರೆ ಇವರು. ಈಗ ಎತ್ತಿದರೆ ಅವರ ಪದವಿ ಉಳಿಯುತ್ತದೆ, ಮಗಳ ಕೆಳತುಟಿ ಒಳಗೆ ಹೋಗುತ್ತದೆ, ಇನ್ನು ಎಂದೂ ಹೊರಗೆ ಬಾರದ ಹಾಗೆ, ಎತ್ತದಿದ್ದರೆ ನಾಲ್ಕು ತಾಲೂಕು ಹೋಗುತ್ತವೆ, ಹೋಗಲಿ, ಈ ಮನೆಯಲ್ಲಿ ನಾಳೆ ಯಾರು ಯಾರ ಮುಖ ನೋಡುತ್ತಾರೋ ಬಿಡುತ್ತಾರೋ, ಅದೂ ಹೋಗಲಿ, ಈ ಪ್ರಶ್ನೆಯನ್ನು ಯಾವ ವಹಿಯಲ್ಲೂ ನಾನು ಬರೆದಿಲ್ಲ, ಇದೊಂದು ನಾನು ಹೇಳಿಕೊಟ್ಟದ್ದಲ್ಲ, ಇದು ಅವಳದೇ — ಹಿಟ್ಟಿನೊಳಗೆ ಬೆರಳು ಬಿಗಿಹಿಡಿದಳು, ಒಂದು ಬಳೆಯೂ ಅಲುಗಲಿಲ್ಲ, ಚೀಟಿಯ ಮೂಲೆ ಎದ್ದೇ ಇತ್ತು, ಚೀಟಿಯ ಮೂಲೆ, ಆ ಮೂಲೆಯ ಅಡಿಯಲ್ಲಿ ನೀಲಿ, ಚೀಟಿಯ ಮೂಲೆ —

ಅವ್ವಾ, ಇಲ್ಲಿ ಕೆಳಗ ಬರೆದಾಕೆ ಶಂಕ್ರಮ್ಮ ಅಂತ ನಿನ್ನ ಹೆಸರೈತಿ, ಅದರ ಮ್ಯಾಲ ಅಪ್ಪ ಯಾಕ ಚೀಟಿ ಹಚ್ಯಾನ?